ಸಹಾಯ ಬೇಕು: ಪ್ರಾರ್ಥನಾ ಕೂಟದಲ್ಲಿ ಪ್ರಾರ್ಥನೆಗೇ ಸಮಯ ಇಲ್ಲ

ಎಲ್ಲರಿಗೂ ವಂದನೆ. ನಾನು ಮಂಜೇಶ್ವರ ಕಡೆಯವಳು, ನಮ್ಮದು ಸಣ್ಣ ಕನ್ನಡ ಕ್ರೈಸ್ತ ಸಭೆ. ಪ್ರತಿ ಬುಧವಾರ ಸಂಜೆ ಪ್ರಾರ್ಥನಾ ಕೂಟ ಇದೆ, ಹೆಸರಿಗೆ. ಕಳೆದ ವಾರ ಸುಮ್ನೆ ಗಡಿಯಾರ ನೋಡಿದೆ. ಒಂದೂವರೆ ಗಂಟೆಯಲ್ಲಿ ಪ್ರಾರ್ಥನೆ 9 ನಿಮಿಷ! ಉಳಿದದ್ದೆಲ್ಲ ಸುಗ್ಗಿ ಹಬ್ಬದ ಏಲಂ, ಗಾಯನ ಸ್ಪರ್ಧೆ, ಪಿಕ್‌ನಿಕ್ ಬಸ್ಸು, ಮತ್ತೆ ನಮ್ಮ ಹಿರಿಯರೊಬ್ಬರ ಭಾಷಣ. ಅವರು ಒಳ್ಳೆಯವರೇ, ಯಾರಿಗೆ ಕಷ್ಟ ಬಂದರೂ ಮೊದಲು ಓಡಿ ಬರುತ್ತಾರೆ, ಆದರೆ ಮೈಕ್ ಸಿಕ್ಕಿದರೆ ಬಿಡುವುದಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವ ಅಜ್ಜಿಯೊಬ್ಬರು ತಮಗಾಗಿ ಪ್ರಾರ್ಥಿಸಿ ಅಂತ ಕೇಳಲು ಬಂದಿದ್ದರು, ಕೊನೆಯ ಬಸ್ಸಿಗೆ ಹೊತ್ತಾಯಿತು ಅಂತ ಕೇಳದೆಯೇ ಎದ್ದು ಹೋದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಊಟ ಬಡಿಸುವ ಕೆಲಸಕ್ಕೆ 7 ಜನರನ್ನು ಆರಿಸಿ, ಯೇಸುವಿನ ಶಿಷ್ಯರಾದ ಅಪೊಸ್ತಲರು ಪ್ರಾರ್ಥನೆಗೂ ದೇವರ ವಾಕ್ಯಕ್ಕೂ ನಿಂತರಲ್ವಾ? ಜರ್ಮನಿಯ ಹೆರ್ನ್‌ಹೂಟ್‌ನಲ್ಲಿ 1727ರಲ್ಲಿ ಮೊರಾವಿಯನ್ ಅನ್ನುವ ಕ್ರೈಸ್ತ ಪಂಗಡದವರು ಸರದಿ ಹಾಕಿಕೊಂಡು ಶುರು ಮಾಡಿದ ಪ್ರಾರ್ಥನೆ ಸುಮಾರು ನೂರು ವರ್ಷ ನಡೆಯಿತು. ನಮಗೆ ಅಷ್ಟೆಲ್ಲ ಬೇಡ, ಅರ್ಧ ಗಂಟೆ ಸಾಕು.

ಆ ಹಿರಿಯರಿಗೆ ನೋವಾಗದಂತೆ ಹೇಗೆ ಹೇಳುವುದು? ಸಭಾಪಾಲಕರ ಮೂಲಕ ಹೇಳಿಸಲಾ, ಇಲ್ಲಾ ನಾನೇ ಅವರ ಮನೆಗೆ ಹೋಗಲಾ? ಉಪ್ಪಳ, ಕುಂಬಳೆ, ಕಾಸರಗೋಡು ಕಡೆ ಯಾರಾದರೂ ಪ್ರಕಟಣೆಗಳನ್ನೆಲ್ಲ ಭಾನುವಾರಕ್ಕೆ ಹಾಕಿ ವಾರದ ಕೂಟದಲ್ಲಿ ಪ್ರಾರ್ಥನೆ ಮಾತ್ರ ಇಟ್ಟಿದ್ದರೆ, ಹೇಗೆ ನಡೆಸುತ್ತೀರಿ ಅಂತ ಬರೆಯಿರಿ. ಇನ್ನೊಂದು, ಶಾಲೆಯಲ್ಲಿ ಮಲಯಾಳ ಓದುವ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಬಾಯಿಬಿಟ್ಟು ಪ್ರಾರ್ಥಿಸಲು ನಾಚಿಕೆ ಜಾಸ್ತಿ. ಅವರನ್ನು ಸೇರಿಸಿಕೊಳ್ಳುವ ದಾರಿ ಗೊತ್ತಿದ್ದರೆ ಅದನ್ನೂ ಹೇಳಿ.