ಫೌಂಡ್ರಿಗೆ ಇಆರ್‌ಪಿ ಹಾಕಿಸಿದರೆ ಉತ್ಪಾದನೆ ಜಾಸ್ತಿ ಆಗುತ್ತದಾ?

ಪ್ರಶ್ನೆ: ನಮಸ್ತೆ ಸರ್. ಮಾಚೇನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ, ಲೋಹ ಕರಗಿಸಿ ಅಚ್ಚಿಗೆ ಸುರಿದು ಕಾಸ್ಟಿಂಗ್ ಮಾಡುತ್ತೇವೆ. ಲೆಕ್ಕ ಟ್ಯಾಲಿಯಲ್ಲಿ, ಸ್ಟೋರ್ ಎಕ್ಸೆಲ್‌ನಲ್ಲಿ, ಹೀಟ್ (ಒಂದು ಸಲಕ್ಕೆ ಕರಗಿಸಿದ ಲೋಹ) ವಿವರ ರಿಜಿಸ್ಟರ್‌ನಲ್ಲಿ. ಎಲ್ಲಾನೂ ಇಆರ್‌ಪಿ ಅನ್ನುವ ಒಂದೇ ಸಾಫ್ಟ್‌ವೇರ್‌ಗೆ ತಂದರೆ ಉತ್ಪಾದನೆ ಏರುತ್ತದೆ ಅಂತ ಮಾರಲು ಬಂದವರು ಹೇಳುತ್ತಿದ್ದಾರೆ. ನಿಜಾನಾ?

ಉತ್ತರ: ಸಾಫ್ಟ್‌ವೇರ್ ಬಂತು ಅಂತ ಫರ್ನೇಸ್ ಒಂದು ಕಿಲೋನೂ ಜಾಸ್ತಿ ಕರಗಿಸುವುದಿಲ್ಲ ಸರ್. ಶುರುವಿನ ಕೆಲವು ತಿಂಗಳು ಕೆಲಸ ನಿಧಾನವೇ ಆಗುತ್ತದೆ, ಅದನ್ನು ಅವರು ಹೇಳಿರುವುದಿಲ್ಲ ಅಲ್ವಾ.

ಲಾಭ ಇರುವುದು ಬೇರೆ ಕಡೆ. ಗ್ರಾಹಕರು ಫೋನ್ ಮಾಡಿ 'ಕಾಸ್ಟಿಂಗ್ ತುಂಬಾ ಗಟ್ಟಿ ಇದೆ, ಟೂಲ್ ಮುರಿಯುತ್ತಿದೆ' ಅಂದರು ಅಂತಿಟ್ಟುಕೊಳ್ಳಿ. ಆಗ ಹೀಟ್ ನಂಬರ್ ಹಾಕಿದರೆ ಸ್ಪೆಕ್ಟ್ರೋ ರಿಪೋರ್ಟ್ (ಲೋಹದಲ್ಲಿ ಏನೇನು ಎಷ್ಟಿದೆ ಅನ್ನುವ ಪರೀಕ್ಷೆ), ಅದೇ ಹೀಟ್‌ನಲ್ಲಿ ಸುರಿದ ಉಳಿದ ಪೀಸ್‌ಗಳು, ಅವುಗಳಲ್ಲಿ ಎಷ್ಟು ಫೆಟ್ಲಿಂಗ್‌ನಲ್ಲಿವೆ (ಹೆಚ್ಚುವರಿ ಲೋಹ ಕತ್ತರಿಸಿ ಉಜ್ಜುವ ಕೆಲಸ), ಎಷ್ಟು ಮಷೀನಿಂಗ್‌ಗೆ ಹೊರಗೆ ಹೋಗಿವೆ, ಎಲ್ಲ ಒಂದೇ ಕಡೆ ಸಿಗಬೇಕು. ಅಷ್ಟನ್ನೇ ತಡೆಹಿಡಿದು ಉಳಿದ ಮಾಲು ಕಳಿಸಬಹುದು. ಈಗ ನೀವು ಮೂರು ಪುಸ್ತಕ ತಿರುವಿಹಾಕಿ, ಕೊನೆಗೆ ಭಯಕ್ಕೆ ಇಡೀ ಲಾಟ್ ನಿಲ್ಲಿಸುತ್ತೀರಿ.

ಹುಷಾರಾಗಿ ನೋಡಬೇಕಾದದ್ದು ಬಿಒಎಂ, ಅಂದರೆ ಒಂದು ಐಟಂಗೆ ಯಾವ ಮಾಲು ಎಷ್ಟು ಬೇಕು ಅನ್ನುವ ಪಟ್ಟಿ. 10 ಕಿಲೋ ಕಾಸ್ಟಿಂಗ್‌ಗೆ ನೀವು 16 ಕಿಲೋ ಸುರಿಯುತ್ತೀರಿ ಅಂದುಕೊಳ್ಳಿ, 6 ಕಿಲೋ ರನ್ನರ್, ರೈಸರ್, ಅಂದರೆ ಲೋಹ ಹರಿದು ತುಂಬಲು ಇಟ್ಟು ಆಮೇಲೆ ಕತ್ತರಿಸಿ ತೆಗೆಯುವ ಭಾಗ. ಸಾಫ್ಟ್‌ವೇರಿನವರು ಬರೀ 10 ಅಂತ ಹಾಕಿದರೆ ಕಂಪ್ಯೂಟರ್‌ನಲ್ಲಿ ಸ್ಕ್ರಾಪ್ (ಕರಗಿಸಲು ತಂದ ಹಳೆ ಲೋಹ) ಇರುತ್ತದೆ, ಯಾರ್ಡ್‌ನಲ್ಲಿ ಇರುವುದಿಲ್ಲ. 16 ಹಾಕಿ, ವಾಪಸ್ ಫರ್ನೇಸ್‌ಗೆ ಹೋಗುವ 6 ಕಿಲೋ ಮರೆತರೆ ಸುಮ್ನೆ ಹೊಸ ಸ್ಕ್ರಾಪ್ ಕೊಳ್ಳುತ್ತಾ ಕೂರುತ್ತೀರಿ. ಎಷ್ಟೋ ಪ್ಯಾಕೇಜ್‌ಗಳು ಬಿಡಿಭಾಗ ಜೋಡಿಸುವ ಕಾರ್ಖಾನೆಯ ಲೆಕ್ಕದಲ್ಲೇ ಇರುತ್ತವೆ, ನಮ್ಮಲ್ಲಿ ಒಂದು ಹೀಟ್‌ನಿಂದ ಹತ್ತು ಐಟಂ ಆಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ನೆಟ್, ಕರೆಂಟ್ ಎರಡೂ ಕೈಕೊಡುತ್ತವೆ ಸರ್. ಎಂಟ್ರಿ ಹೇಗೆ? ಮತ್ತೆ ಯಾವಾಗ ಶುರು ಮಾಡಲಿ?

ಉತ್ತರ: ಚೀಟಿಯಲ್ಲಿ ಬರೆದಿಡಲಿ, ತೊಂದರೆ ಇಲ್ಲ. ಮುಂದಿನ ಶಿಫ್ಟ್ ಶುರುವಾಗುವ ಮೊದಲು ಏರಿಸಿದರೆ ಸಾಕು. ಶನಿವಾರ ಎಲ್ಲ ಒಟ್ಟಿಗೆ ಹಾಕುತ್ತೇವೆ ಅಂದರೆ ಮಾತ್ರ ದುಡ್ಡು ದಂಡ, ಸೋಮವಾರದ ಲೆಕ್ಕ ಶನಿವಾರ ತಿಳಿದು ಏನು ಮಾಡುತ್ತೀರಿ?

ಆರ್ಡರ್ ಒತ್ತಡ ಇರುವ ತಿಂಗಳಲ್ಲಿ ಖಂಡಿತ ಬೇಡ. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ 1999ರಲ್ಲಿ ಹಬ್ಬದ ಸೀಸನ್ ಹತ್ತಿರ ಇದ್ದಾಗಲೇ ಹೊಸ ವ್ಯವಸ್ಥೆಗೆ ಬದಲಾಯಿತು. ಗೋದಾಮಿನಲ್ಲಿ ಮಾಲು ಇದ್ದರೂ ಸುಮಾರು 10 ಕೋಟಿ ಡಾಲರ್ ಆರ್ಡರ್ ಸಮಯಕ್ಕೆ ಕಳಿಸಲು ಆಗಲಿಲ್ಲ.

ಅಡ್ವಾನ್ಸ್ ಕೊಡುವ ಮೊದಲು ನಿಮ್ಮಲ್ಲಿ ಜಾಸ್ತಿ ಓಡುವ ಒಂದು ಐಟಂ ಕೊಟ್ಟು, ರೈಸರ್ ವಾಪಸ್ ಬರುವುದನ್ನು ನಿಮ್ಮೆದುರೇ ತೋರಿಸಲು ಹೇಳಿ. ತಡವರಿಸಿದರೆ ಕಾಫಿ ಕೊಟ್ಟು ಕಳಿಸಿ.