ಪದಚರ್ಚೆ: ಥೈರಾಯ್ಡ್‌ನ ‘ತಣ್ಣನೆ ಗಂಟು’ – ಬೇರೆ ಪದ ಬೇಕಿದೆ

ಗೆಳೆಯರೇ,

ನಾನು ಮೆಡಿಕಲ್ ವಿದ್ಯಾರ್ಥಿನಿ. ಈಗ ನ್ಯೂಕ್ಲಿಯರ್ ಮೆಡಿಸಿನ್ ಕಲಿಯುತ್ತಿದ್ದೇನೆ. ಥೈರಾಯ್ಡ್ ಸ್ಕ್ಯಾನಿನಲ್ಲಿ ಬರುವ ಹಾಟ್ ನಾಡ್ಯೂಲ್, ಕೋಲ್ಡ್ ನಾಡ್ಯೂಲ್ ಎಂಬ ಜೋಡಿಗೆ ರೋಗಿಗೆ ತಿಳಿಯುವಂಥ ಕನ್ನಡ ಹುಡುಕುತ್ತಿದ್ದೇನೆ. ನಾಡ್ಯೂಲ್‌ಗೆ ಗಂಟು ಅಂದರೆ ಸಾಕು. ತೊಡಕಿರುವುದು ಬಿಸಿ, ತಣ್ಣಗೆ ಅನ್ನುವುದರಲ್ಲಿ.

ಹಾರ್ಮೋನ್ ತಯಾರಿಸಲು ಥೈರಾಯ್ಡ್‌ಗೆ ಅಯೋಡಿನ್ ಬೇಕು. ಅದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ಟೆಕ್ನೀಷಿಯಮ್-99ಎಂ ಎಂಬ ವಿಕಿರಣ ಸೂಸುವ ವಸ್ತು ಇರುವ ಮದ್ದು ಚುಚ್ಚಿದರೆ ಅದನ್ನೂ ಹಾಗೇ ಎಳೆದುಕೊಳ್ಳುತ್ತದೆ. ಸುಮಾರು 20 ನಿಮಿಷ ಬಿಟ್ಟು, ಆ ವಿಕಿರಣವನ್ನು ಗುರುತಿಸುವ ಗಾಮಾ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತಾರೆ. ಸುತ್ತಲಿನ ಭಾಗಕ್ಕಿಂತ ಜಾಸ್ತಿ ಮದ್ದು ಸೇರಿದ ಗಂಟು ‘ಹಾಟ್’. ಮದ್ದು ಸೇರದ ಗಂಟು ‘ಕೋಲ್ಡ್’. ಮುಟ್ಟಿ ನೋಡಿದರೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮೊನ್ನೆ ಒಬ್ಬರಿಗೆ ‘ನಿಮ್ಮ ಗಂಟು ತಣ್ಣಗಿದೆ’ ಅಂದುಬಿಟ್ಟೆ. ಅವರು ಕುತ್ತಿಗೆಗೆ ಎರಡು ಬೆರಳು ಒತ್ತಿ ನೋಡಿಕೊಂಡರು. ಮುಖ ಅರಳಿತು. ‘ತಣ್ಣಗಿದೆಯಲ್ಲ, ಅಷ್ಟು ಸಾಕಮ್ಮ’ ಅಂದರು. ನನಗೆ ಎದೆ ಧಸಕ್ಕೆಂದಿತು. ಬಿಸಿ ಗಂಟಿನಲ್ಲಿ ಕ್ಯಾನ್ಸರ್ ಇರುವುದು ಬಹಳ ಅಪರೂಪ. ತಣ್ಣನೆ ಗಂಟುಗಳಲ್ಲೂ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ಮುಂದೆ ನೋಡಬೇಕಾದದ್ದು ಅವನ್ನೇ. ಎಷ್ಟೋ ಸಲ ಸೂಜಿ ಪರೀಕ್ಷೆಯೂ ಬೇಕಾಗುತ್ತದೆ. ಕನ್ನಡದ ಕಿವಿಗೆ ಇದು ಪೂರ್ತಿ ತಿರುಗುಮುರುಗು. ‘ಹೊಟ್ಟೆ ತಣ್ಣಗಿರಲಿ’ ಅನ್ನುವುದು ಹರಕೆ, ‘ಬಿಸಿ ಮುಟ್ಟಿಸ್ತೀನಿ’ ಅನ್ನುವುದು ಬೆದರಿಕೆ, ಅಲ್ವಾ?

‘ಸುಮ್ನಿರೋ ಗಂಟು’ ಅಂತಲೂ ಯೋಚಿಸಿದೆ. ಸುಮ್ನಿದೆ ತಾನೇ, ಬಿಡಿ ಅನ್ನುತ್ತಾರೆ. ‘ಎಳೆಯದ ಗಂಟು’ ಅಂದರೆ ಎಳೆಯದು, ಇನ್ನೂ ಬಲಿತಿಲ್ಲ ಅಂತ ಕೇಳಿಸುತ್ತದೆ. ‘ಹೊಳೆಯುವ ಗಂಟು’ ಕೂಡ ಆಗದು. ಬಿಳಿ ಹಾಳೆಯ ಚಿತ್ರದಲ್ಲಿ ಹಾಟ್ ಗಂಟು ಕಪ್ಪಗೆ ಬರುವುದೂ ಉಂಟು.

ಪುಸ್ತಕದ ‘ಅರ್ಧಾಯು’ (ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಕೂಡ ಹೀಗೇ ಕಾಡಿತ್ತು. ಟೆಕ್ನೀಷಿಯಮ್‌ನ ಅರ್ಧಾಯು 6 ಗಂಟೆ ಅಂದರೆ ರೋಗಿ ತನ್ನ ಆಯಸ್ಸೇ ಅಂದುಕೊಂಡು ಬೆಚ್ಚುತ್ತಾರೆ. ಈಗ ಹಳೇ ಲೆಕ್ಕದಲ್ಲೇ ಹೇಳುತ್ತೇನೆ: 6 ಗಂಟೆಗೆ ಅರ್ಧ, 12ಕ್ಕೆ ಕಾಲು, 18ಕ್ಕೆ ಅರೆಕಾಲು (ಎಂಟರಲ್ಲೊಂದು), 24ಕ್ಕೆ ವೀಸ (ಹದಿನಾರರಲ್ಲೊಂದು). ವಯಸ್ಸಾದವರಿಗೆ ತಟ್ಟನೆ ತಿಳಿಯುತ್ತದೆ. ಎಷ್ಟು ಚಂದದ ಪದಗಳು!

ಗಂಟಿಗೂ ಹಾಗೆ ಬಳಕೆಯ ಮಾತೇ ಸಿಗಬಹುದು ಅಂತ ಹುಡುಕಿದಾಗ ಹೊಳೆದದ್ದು ‘ಹಿಡಿ’. ಬಟ್ಟೆ ಬಣ್ಣ ಹಿಡಿಯಿತು, ಹಿಡಿಯಲಿಲ್ಲ ಅನ್ನುತ್ತೇವೆ. ಹಾಗೇ ‘ಮದ್ದು ಹಿಡಿದ ಗಂಟು’, ‘ಮದ್ದು ಹಿಡಿಯದ ಗಂಟು’. ಸ್ಕ್ಯಾನಿನಲ್ಲಿ ನಡೆಯುವುದೂ ಅದೇ. ಒಂದೇ ಅಳುಕು: ‘ಮದ್ದು ಹಿಡಿಯಲಿಲ್ಲ’ ಅಂದರೆ ಔಷಧಿ ನಾಟಲಿಲ್ಲ, ಕಾಯಿಲೆ ವಾಸಿಯಾಗದು ಅಂತಲೂ ಅರ್ಥವಾಗುತ್ತದೆಯಾ? ಮದ್ದು ಬಿಟ್ಟು ‘ಬಣ್ಣ ಹಿಡಿಯದ ಗಂಟು’ ಅಂದರೆ ವಾಸಿಯೇ? ನಿಮ್ಮ ಕಡೆ ಈ ‘ಹಿಡಿ’ ಹೇಗೆ ಕೇಳಿಸುತ್ತದೆ, ದಯವಿಟ್ಟು ಹೇಳಿ.