ಪದಚರ್ಚೆ: ‘ಕೋಲ್ಡ್ ಸ್ಟಾರ್ಟ್’, ‘ಐಡ್ಲಿಂಗ್’ – ಗೋಡೆಬರಹಕ್ಕೆ ಕನ್ನಡ ಬೇಕಾಗಿದೆ

ಪ್ರಶ್ನೆ

ಮಾನ್ಯರೇ, ಮಡಿಕೇರಿಯ ಒಂದು ಗ್ಯಾರೇಜಿನ ಗೋಡೆಗಾಗಿ, ಕಾರ್ಬ್ಯುರೇಟರ್ (ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಭಾಗ) ಇರುವ ಹಳೆಯ ಮಾರುತಿ 800 ಕಾರುಗಳ ದೋಷ ಪತ್ತೆಯ ಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಡಲು ಒಪ್ಪಿದ್ದೇನೆ. ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾರೆ. ‘ಕೋಲ್ಡ್ ಸ್ಟಾರ್ಟ್’ (ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡುವುದು) ಎಂಬುದಕ್ಕೆ ‘ಶೀತಾರಂಭ’ ಎಂದೂ ‘ಐಡ್ಲಿಂಗ್’ (ಆಕ್ಸಲರೇಟರ್ ಒತ್ತದಿದ್ದಾಗ ಎಂಜಿನ್ ನಿಧಾನವಾಗಿ ಓಡುತ್ತಿರುವುದು) ಎಂಬುದಕ್ಕೆ ‘ನಿಷ್ಕ್ರಿಯ ಚಾಲನೆ’ ಎಂದೂ ಬರೆದು ಅಲ್ಲಿನ ಹುಡುಗರಿಗೆ ತೋರಿಸಿದೆ. ಮೊದಲನೆಯದನ್ನು ಓದಿದ ಹುಡುಗ ‘ಡಿಸ್ಟ್ರಿಬ್ಯೂಟರ್ ಒಳಗೆ ಶೀತ ಹಿಡಿದಿದೆ ಎಂದೇ?’ ಎಂದು ಕೇಳಿದ (ಡಿಸ್ಟ್ರಿಬ್ಯೂಟರ್ ಎಂದರೆ ಪ್ಲಗ್ಗುಗಳಿಗೆ ವಿದ್ಯುತ್ತು ಹಂಚುವ ಭಾಗ); ಎರಡನೆಯದು ಯಾರಿಗೂ ಅರ್ಥವಾಗಲಿಲ್ಲ. ಐಡ್ಲಿಂಗಿನಲ್ಲಿ ಎಂಜಿನ್ನಿನ ವೇಗ ತಾನಾಗಿ ಏರಿ, ಇಳಿದು, ಮತ್ತೆ ಏರುವ ‘ಹಂಟಿಂಗ್’ ಎಂಬ ದೋಷಕ್ಕೂ ಒಂದು ಮಾತು ಬೇಕು.

ಮೊದಲ ಉತ್ತರ

ಆ ಹುಡುಗ ಸರಿಯಾಗಿಯೇ ಓದಿದ್ದಾನೆ. ‘ಗೋಡೆ ಶೀತ ಹಿಡಿದಿದೆ’ ಎನ್ನುವಾಗ ನಾವು ಹೇಳುವುದು ತೇವವನ್ನೇ ಹೊರತು ತಂಪನ್ನಲ್ಲ. ನಿಮ್ಮೂರಿನ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕೂತರೆ ವಿದ್ಯುತ್ತು ಪ್ಲಗ್ಗನ್ನು ಮುಟ್ಟದೆ ನಡುವೆಯೇ ಸೋರಿಹೋಗುತ್ತದೆ. ಅದಕ್ಕೆ ಒಣಬಟ್ಟೆ ಸಾಕು. ಕೋಲ್ಡ್ ಸ್ಟಾರ್ಟಿನ ತೊಂದರೆಯೇ ಬೇರೆ. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲು ಸಾಕಷ್ಟು ಆವಿಯಾಗದೆ, ಮ್ಯಾನಿಫೋಲ್ಡಿನ (ಸಿಲಿಂಡರಿಗೆ ಮಿಶ್ರಣ ಒಯ್ಯುವ ಕೊಳವೆಯ) ಒಳಗೋಡೆಗೆ ಹನಿಹನಿಯಾಗಿ ಅಂಟಿಕೊಂಡು, ಸಿಲಿಂಡರಿಗೆ ಹೋಗುವ ಮಿಶ್ರಣ ತೆಳುವಾಗುವುದರಿಂದ, ಚೋಕ್ ಎಳೆದು ಗಾಳಿಯನ್ನು ತಡೆದು ಪೆಟ್ರೋಲಿನ ಪಾಲನ್ನು ಹೆಚ್ಚಿಸಬೇಕಾಗುತ್ತದೆ. ಎರಡು ಬೇರೆ ರೋಗಗಳನ್ನು ಒಂದೇ ಹೆಸರಿನಿಂದ ಕರೆಯುವ ಪದ ಗೋಡೆಗೆ ತಕ್ಕುದಲ್ಲ.

‘ಚಳಿ’ಯೂ ಬೇಡ. ರಾಯಚೂರಿನ ಬೇಸಿಗೆಯಲ್ಲಿ ರಾತ್ರಿಯಿಡೀ ನಿಂತ ಕಾರಿನ ಮೊದಲ ಸ್ಟಾರ್ಟು ಕೂಡ ಕೋಲ್ಡ್ ಸ್ಟಾರ್ಟೇ. ಬಿಸಿಯಾಗಿದ್ದುದು ಬಿಸಿ ಕಳೆದುಕೊಳ್ಳುವುದಕ್ಕೆ ನಮ್ಮಲ್ಲಿ ‘ಆರು’ ಎಂಬ ಧಾತುವಿದೆ: ಕಾಫಿ ಆರುತ್ತದೆ, ಅನ್ನ ಆರುತ್ತದೆ. ಹಳಗನ್ನಡದಲ್ಲಿ ಶಕಟರೇಫದೊಡನೆ (ಱ ಎಂಬ ಹಳೆಯ ಅಕ್ಷರದೊಡನೆ) ‘ಆಱು’ ಎಂದಿದ್ದ ಇದು ತಮಿಳಿನಲ್ಲಿಯೂ ಇದೇ ಅರ್ಥದಲ್ಲಿ ಬಳಕೆಯಲ್ಲಿದೆ. ಇದಕ್ಕೆ ‘ತೊಡಗು’ ಸೇರಿಸಿ ‘ಆರ್ದೊಡಗು’ ಎಂದು ಮಾಡಿಕೊಳ್ಳಿ. ಆದೇಶ ಸಂಧಿ ಸರಿಯಾಗಿದೆ, ಕನ್ನಡಕ್ಕೆ ಸಂಸ್ಕೃತ ಬೆರೆಸುವ ಅರಿಸಮಾಸದ ದೋಷವೂ ಇಲ್ಲ.

‘ನಿಷ್ಕ್ರಿಯ’ ಎಂಬುದು ಶುದ್ಧ ತಪ್ಪು. ಥ್ರಾಟಲ್ (ಆಕ್ಸಲರೇಟರ್ ಒತ್ತಿದಾಗ ತೆರೆಯುವ ಕವಾಟ) ಹೆಚ್ಚುಕಡಿಮೆ ಮುಚ್ಚಿರುವಾಗ, ಸ್ಲೋ ಜೆಟ್ಟಿನ ಸಣ್ಣ ತೂತಿನಿಂದ ಬರುವಷ್ಟೇ ಪೆಟ್ರೋಲಿನಲ್ಲಿ, ನಿಮಿಷಕ್ಕೆ ಸುಮಾರು 800–900 ಸುತ್ತು ಸುತ್ತುತ್ತ ತನ್ನನ್ನು ತಾನೇ ನಡೆಸಿಕೊಳ್ಳುವ ಎಂಜಿನ್ ನಿಷ್ಕ್ರಿಯವಾಗುವುದು ಹೇಗೆ? ಬರಿಗೈ, ಬರಿಹೊಟ್ಟೆ, ಬರಿಗಾಲು ಇರುವಂತೆ ‘ಬರಿಯೋಟ’ ಎನ್ನಿ. ಹೊರೆಯಿಲ್ಲದ ಓಟ ಎಂಬ ಅರ್ಥ ಅದರಲ್ಲಿ ತಾನಾಗಿ ಬರುತ್ತದೆ. ಇಂಗ್ಲಿಷನ್ನು ಹಾಗೆಯೇ ಎತ್ತಿ ಇಡುವುದಾದರೆ ನಮ್ಮನ್ನು ಕೇಳುವ ಅಗತ್ಯವೇನಿತ್ತು?

ಎರಡನೆಯ ಉತ್ತರ

‘ಆರು’ ಇಲ್ಲಿ ನಡೆಯುವುದಿಲ್ಲ. ದೀಪವೂ ಆರುತ್ತದೆ, ಒಲೆಯೂ ಆರುತ್ತದೆ. ‘ಎಂಜಿನ್ ಆರಿದೆ’ ಎಂದರೆ ತಣ್ಣಗಾಗಿದೆಯೋ, ಓಡುತ್ತಿದ್ದುದು ನಿಂತುಹೋಗಿದೆಯೋ? ಸ್ಟಾರ್ಟೇ ಆಗದಿರುವುದು ಒಂದು ದೋಷ, ಸ್ಟಾರ್ಟಾಗಿ ಚೋಕ್ ಬಿಟ್ಟೊಡನೆ ಆಫ್ ಆಗುವುದು ಮತ್ತೊಂದು. ಅವೆರಡನ್ನು ಬೇರ್ಪಡಿಸುವುದಕ್ಕಾಗಿಯೇ ಈ ಪಟ್ಟಿ ಇರುವುದು. ‘ಆರ್ದೊಡಗು’ ಎಂಬುದನ್ನು ದೂರದಿಂದ ಓದಿದವನಿಗೆ ‘ಆರ್ದ್ರ’ ನೆನಪಾದರೆ, ಅವನು ಮತ್ತೆ ತೇವವನ್ನೇ ಹುಡುಕುತ್ತಾನೆ.

ಎರವಲು ಪದಗಳ ಬಗ್ಗೆ ಮೊದಲ ಉತ್ತರ ಬರೆದ ಹಿರಿಯರು ತೋರಿಸಿದ ಸಿಟ್ಟಿಗೂ ಒಂದು ಮಾತು. ಕಾರು ಸ್ಟಾರ್ಟ್ ಮಾಡುವ ‘ಚಾವಿ’ ಪೋರ್ಚುಗೀಸರಿಂದ ಬಂದದ್ದು. ಅದನ್ನು ಬಿಡಬೇಕೆಂದು ಇಲ್ಲಿ ಯಾರೂ ಬರೆದಿಲ್ಲ. ‘ಸ್ಟಾರ್ಟ್ ಆಗು’ ಎಂಬುದು ಕನ್ನಡದ ಪ್ರತ್ಯಯಗಳನ್ನೆಲ್ಲ ಹತ್ತಿಸಿಕೊಂಡು ಕನ್ನಡದ ಕ್ರಿಯಾಪದವಾಗಿಯೇ ನಡೆಯುತ್ತಿದೆ. ಐಡ್ಲಿಂಗಿಗೆ ಮೆಕ್ಯಾನಿಕ್ಕುಗಳು ‘ಸ್ಲೋ’ ಎನ್ನುತ್ತಾರೆ: ‘ಗಾಡಿ ಸ್ಲೋದಲ್ಲಿ ನಿಲ್ಲುತ್ತಿಲ್ಲ.’ ಸ್ಲೋ ಜೆಟ್ಟಿನಲ್ಲಿ ಕಸ ಕಟ್ಟಿದಾಗ ಗಾಡಿ ಆಕ್ಸಲರೇಟರ್ ಒತ್ತಿದರೆ ಓಡಿ, ಕಾಲು ತೆಗೆದರೆ ಆಫ್ ಆಗುತ್ತದೆ. ಭಾಗಕ್ಕೂ ದೋಷಕ್ಕೂ ಒಂದೇ ಮಾತು ಇದ್ದರೆ ಹುಡುಗನ ಕೈ ನೇರವಾಗಿ ಅಲ್ಲಿಗೇ ಹೋಗುತ್ತದೆ. ‘ಬರಿಯೋಟ’ ಒಳ್ಳೆಯ ಪದವೆಂದು ನಾನು ಮನಸಾರೆ ಒಪ್ಪುತ್ತೇನೆ, ಆದರೆ ಅದು ಪಠ್ಯಪುಸ್ತಕಕ್ಕೆ ಸರಿ.

‘ಹಂಟಿಂಗ್’ ಎಂಬುದಕ್ಕೆ ‘ಜೋಲಿ ಹೊಡೆಯುವುದು’ ಎನ್ನಬಹುದು. ಗ್ಯಾಸ್ಕೆಟ್ಟಿನಲ್ಲೋ (ಎರಡು ಭಾಗಗಳ ಜೋಡಣೆಯ ನಡುವೆ ಇಡುವ ಪದರದಲ್ಲೋ) ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪಿನಲ್ಲೋ ಹೊರಗಾಳಿ ನುಗ್ಗಿ, ಮಿಶ್ರಣ ತೆಳುವಾಗಿ, ಎಂಜಿನ್ ಒಮ್ಮೆ ಬಿದ್ದು ಒಮ್ಮೆ ಏಳುವುದಕ್ಕೆ ಇದಕ್ಕಿಂತ ಹತ್ತಿರದ ಮಾತು ನನಗೆ ಹೊಳೆಯುತ್ತಿಲ್ಲ.

ಮೊದಲ ಉತ್ತರದವರಿಂದ

‘ಆರ್ದ್ರ’ ಸಂಸ್ಕೃತ. ಕನ್ನಡ ಧಾತುವಿನ ಪಕ್ಕದಲ್ಲಿ ಅದನ್ನು ಕಾಣುವವರು ತಮ್ಮ ಕಿವಿಯನ್ನು ತಿದ್ದಿಕೊಳ್ಳಬೇಕು. ‘ಜೋಲಿ’ಗೆ ನನ್ನ ಒಪ್ಪಿಗೆಯಿದೆ.

ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ‘ಆರು’ ಧಾತುವಿನ ಬಗ್ಗೆ ಬರೆದುದನ್ನು ಎರಡು ಸಲ ಓದಿದೆ, ಆದರೂ ಗೋಡೆಗೆ ಬರೆಸುವ ಧೈರ್ಯ ಬರಲಿಲ್ಲ. ಒಂದೊಂದು ಪದ ಹುಡುಕುವುದನ್ನು ಬಿಟ್ಟು ಸಾಲುಗಳನ್ನೇ ಹೀಗೆ ಬರೆದು ಪೇಂಟರಿಗೆ ಕೊಡುತ್ತಿದ್ದೇನೆ: ‘ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ: ಮೊದಲು ಡಿಸ್ಟ್ರಿಬ್ಯೂಟರ್ ಮುಚ್ಚಳದ ತೇವ ಒರೆಸಿ, ಆಮೇಲೆ ಚೋಕ್ ಪೂರ್ತಿ ಮುಚ್ಚುತ್ತಿದೆಯೇ ನೋಡಿ.’ ‘ಸ್ಲೋದಲ್ಲಿ ನಿಲ್ಲದಿದ್ದರೆ: ಸ್ಲೋ ಜೆಟ್ ಬಿಚ್ಚಿ ತೊಳೆಯಿರಿ.’ ‘ಸ್ಲೋದಲ್ಲಿ ಜೋಲಿ ಹೊಡೆದರೆ: ಗ್ಯಾಸ್ಕೆಟ್, ವ್ಯಾಕ್ಯೂಮ್ ಪೈಪು ನೋಡಿ.’ ಕಾಗುಣಿತದ ತಪ್ಪು ಕಂಡರೆ ಇಂದು ರಾತ್ರಿಯೊಳಗೆ ದಯವಿಟ್ಟು ತಿಳಿಸಿ.